ಓಡುವ ಲಾರಿಯಲ್ಲಿ ಬಲ ಎಷ್ಟಿದೆ?

ಪ್ರಶ್ನೆ: ನನ್ನ ಮಗಳು ಫಸ್ಟ್ ಪಿಯುಸಿ. ಎಫ್ ಈಸ್ ಈಕ್ವಲ್ ಟು ಎಂ ಎ, ಅಂದರೆ ಬಲ ಸಮ ದ್ರವ್ಯರಾಶಿ ಇಂಟು ವೇಗೋತ್ಕರ್ಷ (ವೇಗ ಬದಲಾಗುವ ದರ), ಅಂತ ಉರು ಹೊಡೆದಿದ್ದಾಳೆ. ಮೊನ್ನೆ ಕೇಳಿದಳು: "ಅಪ್ಪಾ, ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿರೋ ಲಾರಿಗೆ ವೇಗೋತ್ಕರ್ಷ ಸೊನ್ನೆ. ಹಾಗಾದ್ರೆ ಬಲವೂ ಸೊನ್ನೆ. ಮತ್ತೆ ಅದು ಗುದ್ದಿದ್ರೆ ಎಲ್ಲಾ ಪುಡಿಪುಡಿ ಯಾಕಾಗುತ್ತೆ?" ನನಗೆ ಉತ್ತರ ಹೊಳೆಯಲಿಲ್ಲ. ಸಂವೇಗ (ಮೊಮೆಂಟಮ್), ಚಲನ ಶಕ್ತಿ (ಕೈನೆಟಿಕ್ ಎನರ್ಜಿ) ಎರಡೂ ದ್ರವ್ಯರಾಶಿ ಮತ್ತು ವೇಗದಿಂದಲೇ ಬರುವುದಾದರೆ ಎರಡೆರಡು ಯಾಕೆ ಬೇಕು ಅನ್ನುವುದೂ ತಿಳಿಯಲಿಲ್ಲ. ಇನ್ನೊಂದು, ಗೋಡೆ ತಳ್ಳಿದರೆ ಮಾಡಿದ ಕೆಲಸ ಸೊನ್ನೆ ಅಂತಾರೆ. ಸುಸ್ತಂತೂ ಆಗುತ್ತದಲ್ಲ ಸರ್?

ಉತ್ತರ: ನಿಮ್ಮ ಮಗಳು ಸೂತ್ರವನ್ನು ಸರಿಯಾಗಿಯೇ ಬಳಸಿದ್ದಾಳೆ. ಲಾರಿ ಮೇಲಿನ ಒಟ್ಟು ಬಲ ಸೊನ್ನೆಯೇ. ಎಡವಟ್ಟಾಗಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಲಾರಿ ಗುದ್ದಿದಾಗ ಹೊರಬರುವ ಏಟು ಮೊದಲೇ ಲಾರಿಯೊಳಗೆ "ಬಲ" ಅನ್ನುವ ಹೆಸರಲ್ಲಿ ಕೂತಿರಬೇಕು ಅಂತ ಅವಳು ಅಂದುಕೊಂಡಿದ್ದಾಳೆ. ಅವಳೊಬ್ಬಳೇ ಅಲ್ಲ, ಪಾಠ ಮಾಡಲು ಶುರು ಮಾಡಿದ ಮೊದಲ ಕೆಲವು ವರ್ಷ ನನ್ನ ತಲೆಯಲ್ಲೂ ಒಳಗೊಳಗೆ ಇದೇ ಚಿತ್ರ ಇತ್ತು. ಲೆಕ್ಕ ಸರಿ ಬರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ ಅಷ್ಟೇ.

ಸ್ವಲ್ಪ ತಪ್ಪು ನಮ್ಮ ಮಾತಿನದೂ ಹೌದು. "ಅವನ ಕೈಯಲ್ಲಿ ಬಲ ಇದೆ" ಅಂತೀವಿ, "ಮೈಯಲ್ಲಿ ಶಕ್ತಿ ಇಲ್ಲ" ಅಂತೀವಿ. ಮನೆಮಾತಿನಲ್ಲಿ ಬಲ, ಶಕ್ತಿ, ಕಸುವು, ತಾಕತ್ತು ಎಲ್ಲಾ ಒಂದೇ. ಎಲ್ಲವೂ ಒಬ್ಬರೊಳಗೆ ಇರುವ ವಸ್ತುಗಳು. ಭೌತಶಾಸ್ತ್ರ ಇದೇ ಪದಗಳನ್ನು ಎತ್ತಿಕೊಂಡು ಬೇರೆ ಬೇರೆ ಅರ್ಥಕ್ಕೆ ಕಟ್ಟಿಹಾಕಿತು. ಅಲ್ಲಿ ಬಲ ಯಾರೊಳಗೂ ಇರುವುದಿಲ್ಲ. ಎರಡು ವಸ್ತುಗಳ ನಡುವೆ, ಅವು ಒಂದನ್ನೊಂದು ತಳ್ಳುವಾಗ ಅಥವಾ ಜಗ್ಗುವಾಗ ಮಾತ್ರ ಇರುತ್ತದೆ. ಜಗಳ ಇದ್ದ ಹಾಗೆ. ಒಬ್ಬನ ಜೇಬಿನಲ್ಲಿ ಜಗಳ ಇರಲ್ಲ ಅಲ್ವಾ, ಎದುರಿಗೆ ಇನ್ನೊಬ್ಬ ಬೇಕು.

ಮನೆಯಲ್ಲಿ ಸುತ್ತಿಗೆ ಇದೆಯಾ? ಅರ್ಧ ಕೆಜಿ ತೂಕದ್ದು ಅಂತ ಇಟ್ಟುಕೊಳ್ಳಿ. ಮರದ ಹಲಗೆಗೆ ಮೊಳೆ ಹೊಡೆಯುತ್ತಿದ್ದೀರಿ. ಸುತ್ತಿಗೆ ಮೊಳೆಯ ತಲೆ ಮುಟ್ಟುವ ಕ್ಷಣಕ್ಕೆ ಅದರ ವೇಗ ಸೆಕೆಂಡಿಗೆ 6 ಮೀಟರ್ ಇರಲಿ. ಆಗ ಸುತ್ತಿಗೆಯ ಚಲನ ಶಕ್ತಿ 9 ಜೌಲ್. ಸೂತ್ರ ಅರ್ಧ ಇಂಟು ದ್ರವ್ಯರಾಶಿ ಇಂಟು ವೇಗದ ವರ್ಗ: ಅರ್ಧ, ಇಂಟು ಅರ್ಧ ಕೆಜಿ, ಇಂಟು 36. ಈ ಏಟಿಗೆ ಮೊಳೆ 3 ಮಿಲಿಮೀಟರ್ ಒಳಗೆ ಹೋಗಿ ನಿಂತಿತು. ಶಕ್ತಿಯನ್ನು ನಿಲ್ಲಲು ಹಿಡಿದ ದೂರದಿಂದ ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ (ಯಾಕೆ ಅಂತ ಮುಂದೆ ಬರುತ್ತದೆ). 9 ಜೌಲನ್ನು 0.003 ಮೀಟರ್‌ನಿಂದ ಭಾಗಿಸಿದರೆ 3000 ನ್ಯೂಟನ್ ಬರುತ್ತದೆ. ಅಂದರೆ ಸುಮಾರು 300 ಕೆಜಿ ಭಾರವನ್ನು ಮೊಳೆಯ ತಲೆ ಮೇಲೆ ಇಟ್ಟಂತೆ! ಇದೆಲ್ಲ ಮುಗಿಯಲು ಹಿಡಿದ ಸಮಯ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಈಗ ಅದೇ ಸುತ್ತಿಗೆಯನ್ನು ಅದೇ ವೇಗದಲ್ಲಿ ಹಾಸಿಗೆ ಮೇಲೆ ಬೀಸಿ. ಹಾಸಿಗೆ 9 ಸೆಂಟಿಮೀಟರ್ ಒಳಗೆ ಕುಸಿದು ಸುತ್ತಿಗೆಯನ್ನು ನಿಲ್ಲಿಸಿತು ಅಂದರೆ ಸರಾಸರಿ ಬಲ ಬರೀ 100 ನ್ಯೂಟನ್, 10 ಕೆಜಿ ಅಕ್ಕಿ ಮೂಟೆಯ ಭಾರದಷ್ಟು.

ಸುತ್ತಿಗೆ ಅದೇ, ವೇಗ ಅದೇ. ಹಾಗಿದ್ದರೆ ಗಾಳಿಯಲ್ಲಿ ಬರುತ್ತಿದ್ದ ಸುತ್ತಿಗೆಯೊಳಗೆ ಎಷ್ಟು ಬಲ ಇತ್ತು? 3000 ನ್ಯೂಟನ್ನೋ, 100 ನ್ಯೂಟನ್ನೋ? ಈ ಪ್ರಶ್ನೆಗೆ ಉತ್ತರವೇ ಇಲ್ಲ. ಎದುರಿಗೆ ಏನು ಸಿಕ್ಕಿತು, ಅದು ಎಷ್ಟು ಬೇಗ ಸುತ್ತಿಗೆಯನ್ನು ನಿಲ್ಲಿಸಿತು ಅನ್ನುವುದರ ಮೇಲೆ ಬಲ ನಿರ್ಧಾರವಾಗುತ್ತದೆ. ಸುತ್ತಿಗೆ ತನ್ನ ಜೊತೆ ಹೊತ್ತು ತಂದದ್ದು ಎರಡನ್ನು ಮಾತ್ರ: ಸಂವೇಗ ಮತ್ತು ಚಲನ ಶಕ್ತಿ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ. ಚೆಂಡು ತಂದಿರುವುದನ್ನು ಬದಲಾಯಿಸಲು ಆಗಲ್ಲ, ಅದನ್ನು ಕೈ ಎಷ್ಟು ನಿಧಾನವಾಗಿ ಇಳಿಸಿಕೊಳ್ಳಬೇಕು ಅನ್ನುವುದು ಮಾತ್ರ ನಮ್ಮ ಇಷ್ಟ.

ಲಾರಿಗೂ ಇಷ್ಟೇ ವಿಷಯ. 10 ಟನ್ ಲಾರಿ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದೆ. ಅದರ ಚಲನ ಶಕ್ತಿ 5 ಲಕ್ಷ ಜೌಲ್. ಕಾಂಕ್ರೀಟ್ ಗೋಡೆಗೆ ಗುದ್ದಿ, ಮುಂಭಾಗ ಒಂದು ಮೀಟರ್ ಜಜ್ಜಿಹೋಗಿ ನಿಂತರೆ ಸರಾಸರಿ 5 ಲಕ್ಷ ನ್ಯೂಟನ್ ಬಲ. ಮರಳು ರಾಶಿಗೆ ನುಗ್ಗಿ 10 ಮೀಟರ್ ಹೋಗಿ ನಿಂತರೆ 50 ಸಾವಿರ ನ್ಯೂಟನ್. ರಸ್ತೆಯಲ್ಲಿ ಸುಮ್ನೆ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಒಟ್ಟು ಬಲ ಸೊನ್ನೆ. ಮೂರು ಉತ್ತರಗಳೂ ಒಂದೇ ಲಾರಿಗೆ ಸೇರಿದವು.

ಈಗ ಸಂವೇಗ. ದ್ರವ್ಯರಾಶಿ ಇಂಟು ವೇಗ ಅಂತ ಪುಸ್ತಕ ಹೇಳುತ್ತದೆ, ಆದರೆ ಗುಣಿಸಿದ ಮಾತ್ರಕ್ಕೆ ಅರ್ಥ ಬರಲ್ಲ. ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕಿನಲ್ಲಿ ತುಂಬಿರುವ ನೀರು ಸಂವೇಗ. ಪೈಪಿನಲ್ಲಿ ಸೆಕೆಂಡಿಗೆ ಎಷ್ಟು ನೀರು ಬರುತ್ತಿದೆ ಅನ್ನುವುದು ಬಲ. "ಟ್ಯಾಂಕಿನಲ್ಲಿ ಎಷ್ಟು ಹರಿವು ಇದೆ" ಅಂತ ಯಾರೂ ಕೇಳಲ್ಲ. ಹರಿವು ಪೈಪಿನದು, ನೀರು ಟ್ಯಾಂಕಿನದು. ಹೈವೇ ಲಾರಿಯಲ್ಲಿ ಎಂಜಿನ್ ಚಕ್ರ ತಿರುಗಿಸಿ ಒಂದು ಪೈಪಿನಿಂದ ಸಂವೇಗ ತುಂಬಿಸುತ್ತಿದೆ, ಗಾಳಿ ಮತ್ತು ಟೈರಿನ ಘರ್ಷಣೆ ಇನ್ನೊಂದು ಪೈಪಿನಿಂದ ಅಷ್ಟನ್ನೇ ಖಾಲಿ ಮಾಡುತ್ತಿವೆ. ಮಟ್ಟ ಏರಲ್ಲ, ಇಳಿಯಲ್ಲ. ಆದರೆ ಟ್ಯಾಂಕ್ ತುಂಬಿದೆ! ಗುದ್ದಿದಾಗ ಆಗುವುದು ಟ್ಯಾಂಕೇ ಒಡೆದು ಎಲ್ಲಾ ನೀರು ಒಂದೇ ಸಲ ಹೊರಗೆ ನುಗ್ಗಿದಂತೆ.

ನ್ಯೂಟನ್ 1687ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರದ ಮಾತೇ. ಅವನ ಎರಡನೇ ನಿಯಮದಲ್ಲಿ ವೇಗೋತ್ಕರ್ಷ ಅನ್ನುವ ಪದ ಇಲ್ಲ. "ಚಲನೆಯ ಪ್ರಮಾಣ" ಎಷ್ಟು ಬದಲಾಗುತ್ತದೋ ಅದು ಹಾಕಿದ ಬಲಕ್ಕೆ ತಕ್ಕಂತೆ ಇರುತ್ತದೆ ಅನ್ನುತ್ತಾನೆ. ಚಲನೆಯ ಪ್ರಮಾಣ ಅಂದರೆ ನಮ್ಮ ಸಂವೇಗ. ನಿಮ್ಮ ಮಗಳು ಉರು ಹೊಡೆದ ರೂಪಕ್ಕೆ ಅದನ್ನು ತಂದು, ಎಲ್ಲಾ ಬಗೆಯ ಚಲನೆಗೂ ಹೊಂದುವ ಸಾಮಾನ್ಯ ನಿಯಮ ಅಂತ 1750ರ ಹೊತ್ತಿಗೆ ಮಂಡಿಸಿದ್ದು ಗಣಿತಜ್ಞ ಆಯ್ಲರ್. ನನ್ನನ್ನು ಕೇಳಿದರೆ ಪಿಯುಸಿಯಲ್ಲಿ ನ್ಯೂಟನ್ನನ ರೂಪವನ್ನೇ ಮೊದಲು ಹೇಳಿಕೊಡಬೇಕು. ಎಂ ಎ ಆಮೇಲೆ ಬರಲಿ.

ಮೇಜಿನ ಮೇಲೆ ಸುಮ್ನೆ ಕೂತ ಪುಸ್ತಕದಲ್ಲೂ ಈ ಹರಿವು ನಡೆಯುತ್ತಿದೆ ಅಂದರೆ ನಂಬುತ್ತೀರಾ? ಒಂದು ಕೆಜಿ ಪುಸ್ತಕಕ್ಕೆ ಭೂಮಿ ಪ್ರತಿ ಸೆಕೆಂಡ್ ಸುಮಾರು 10 ಮಾನದಷ್ಟು (ಒಂದು ಮಾನ ಅಂದರೆ 1 ಕೆಜಿ ಇಂಟು ಸೆಕೆಂಡಿಗೆ 1 ಮೀಟರ್) ಕೆಳಮುಖ ಸಂವೇಗ ತುಂಬುತ್ತಲೇ ಇರುತ್ತದೆ. ಮೇಜು ಅಷ್ಟನ್ನೂ ತೆಗೆದು ನೆಲಕ್ಕೆ ದಾಟಿಸುತ್ತಲೇ ಇರುತ್ತದೆ. ಮೇಜನ್ನು ಥಟ್ಟನೆ ಎಳೆದುಬಿಡಿ. ಅರ್ಧ ಸೆಕೆಂಡಿನಲ್ಲಿ ಪುಸ್ತಕದಲ್ಲಿ 5 ಮಾನ ಸೇರಿಬಿಟ್ಟಿರುತ್ತದೆ, ಅಂದರೆ ಸೆಕೆಂಡಿಗೆ 5 ಮೀಟರ್ ವೇಗ. (ನೆಲ ಅದಕ್ಕೂ ಮೊದಲೇ ಸಿಕ್ಕಿಬಿಡುತ್ತದೆ ಅನ್ನುವುದು ಬೇರೆ ಮಾತು.)

ಸಂವೇಗಕ್ಕೆ ದಿಕ್ಕು ಇದೆ. ಇದನ್ನು ಮರೆತು ಫ್ರೆಂಚ್ ತತ್ವಜ್ಞಾನಿ ಡೆಕಾರ್ತ್ ಅಂಥವನೇ ಎಡವಿದ. ಜಗತ್ತಿನ ಒಟ್ಟು ಚಲನೆ ಉಳಿಯುತ್ತದೆ ಅಂತ 1644ರಲ್ಲಿ ಸರಿಯಾಗಿ ಊಹಿಸಿದವನು ಗಾತ್ರವನ್ನು ಜವದಿಂದ ಗುಣಿಸಿ ದಿಕ್ಕನ್ನು ಬಿಟ್ಟುಬಿಟ್ಟ, ಅವನ ಡಿಕ್ಕಿ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. ಸಂವೇಗವನ್ನು ಹೊಸದಾಗಿ ಹುಟ್ಟಿಸಲು ಆಗಲ್ಲ, ದಿಕ್ಕು ಇರುವುದರಿಂದ ಈ ಕಡೆ ಒಂದಿಷ್ಟು ಆ ಕಡೆ ಅಷ್ಟೇ ಅಂತ ಸೀಳಲು ಮಾತ್ರ ಆಗುತ್ತದೆ. ಹರಿಗೋಲಿನಿಂದ ದಡಕ್ಕೆ ಹಾರಿದ್ದರೆ ಗೊತ್ತಿರುತ್ತದೆ. ನೀವು ಮುಂದೆ ಹಾರುತ್ತೀರಿ, ಹರಿಗೋಲು ಹಿಂದೆ ಸರಿಯುತ್ತದೆ, ಅಂದಾಜು ತಪ್ಪಿದರೆ ಮಧ್ಯದಲ್ಲಿ ನೀರಿಗೆ ಬೀಳುತ್ತೀರಿ.

ಹಾಗಾದರೆ ಸಂವೇಗ ಒಂದು ಸಾಲದಾ, ಶಕ್ತಿ ಯಾಕೆ? ನಿಮ್ಮ ಎರಡನೇ ಪ್ರಶ್ನೆ. ಈ ಜಗಳ ಯುರೋಪಿನಲ್ಲಿ ಹತ್ತಿರ ಹತ್ತಿರ ಅರವತ್ತು ವರ್ಷ ನಡೆದಿದೆ, ನೀವು ತಲೆ ಕೆಡಿಸಿಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಕೇರಂ ಬೋರ್ಡ್ ತೆಗೆಯಿರಿ, ಪೌಡರ್ ಚೆನ್ನಾಗಿ ಹಾಕಿ. ಒಂದು ಪಾನನ್ನು ಮಧ್ಯದಲ್ಲಿಟ್ಟು, ಇನ್ನೊಂದು ಪಾನನ್ನು ಬೆರಳಿನಿಂದ ಚಿಮ್ಮಿ ನೇರವಾಗಿ ಅದಕ್ಕೆ ಹೊಡೆಯಿರಿ. ಹೊಡೆದ ಪಾನು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಏಟು ತಿಂದದ್ದು ಓಡುತ್ತದೆ. ಯಾಕೆ ಹೀಗೇ ಆಗಬೇಕು? ಎರಡೂ ಅಂಟಿಕೊಂಡ ಹಾಗೆ ಅರ್ಧರ್ಧ ವೇಗದಲ್ಲಿ ಒಟ್ಟಿಗೆ ಹೋಗಬಹುದಿತ್ತಲ್ಲ? ಸಂವೇಗದ ಲೆಕ್ಕ ಅದಕ್ಕೂ ಒಪ್ಪುತ್ತದೆ. ಒಂದು ಪಾನು ಪೂರ್ತಿ ವೇಗ, ಎರಡು ಪಾನು ಅರ್ಧ ವೇಗ, ಎರಡೂ ಸಮ. ಆದರೆ ವೇಗವನ್ನು ವರ್ಗ ಮಾಡಿ ನೋಡಿ. ಮೊದಲ ಲೆಕ್ಕದಲ್ಲಿ 1 ಬರುತ್ತದೆ. ಎರಡನೆಯದರಲ್ಲಿ ಕಾಲು ಪ್ಲಸ್ ಕಾಲು, ಬರೀ ಅರ್ಧ. ಉಳಿದರ್ಧ ಎಲ್ಲಿ ಹೋಯಿತು? ಪಾನು ಗಟ್ಟಿ ವಸ್ತು, ಜಜ್ಜುವುದಿಲ್ಲ, ಆ ಅರ್ಧವನ್ನು ನುಂಗುವ ಜಾಗ ಅದರಲ್ಲಿಲ್ಲ. ಹಾಗಾಗಿ ಆ ದಾರಿ ಮುಚ್ಚಿದೆ. ಪಾನಿನ ಬದಲು ಹಸಿ ಜೇಡಿಮಣ್ಣಿನ ಉಂಡೆಗಳಾಗಿದ್ದರೆ ಅಂಟಿಕೊಂಡೇ ಹೋಗುತ್ತಿದ್ದವು, ಅರ್ಧ ಶಕ್ತಿ ಮಣ್ಣು ಅಪ್ಪಚ್ಚಿಯಾಗುವುದಕ್ಕೆ ಖರ್ಚಾಗುತ್ತಿತ್ತು. ಏನೇನು ಆಗಬಹುದು ಅಂತ ಸಂವೇಗ ಒಂದು ಪಟ್ಟಿ ಕೊಡುತ್ತದೆ, ಅದರಲ್ಲಿ ಯಾವುದು ಅನ್ನುವುದನ್ನು ಶಕ್ತಿ ತೀರ್ಮಾನಿಸುತ್ತದೆ.

ಗಟ್ಟಿ ಗುಂಡುಗಳ ಡಿಕ್ಕಿಯಲ್ಲಿ ದ್ರವ್ಯರಾಶಿ ಇಂಟು ವೇಗದ ವರ್ಗ ಉಳಿಯುತ್ತದೆ ಅಂತ ಡಚ್ ವಿಜ್ಞಾನಿ ಹಾಯ್ಗೆನ್ಸ್ 1669ರಲ್ಲೇ ಪ್ರಕಟಿಸಿದ್ದ. 1686ರಲ್ಲಿ ಜರ್ಮನ್ ತತ್ವಜ್ಞಾನಿ ಲೈಬ್‌ನಿಟ್ಸ್ ಇದನ್ನೇ ಹಿಡಿದುಕೊಂಡು, ಚಲನೆಯ ನಿಜವಾದ ಅಳತೆ ಇದೇ, ಡೆಕಾರ್ತ್ ಹೇಳಿದ್ದು ತಪ್ಪು ಅಂತ ಜಗಳ ಶುರು ಮಾಡಿದ. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಬೀಳುವ ವೇಗ ಎರಡು ಪಟ್ಟಾದರೆ ಮಣ್ಣಿನ ಗುಳಿ ನಾಲ್ಕು ಪಟ್ಟಾಗುತ್ತಿತ್ತು. ಫ್ರಾನ್ಸಿನ ಎಮಿಲಿ ದು ಶಾತಲೆ 1740ರ ತನ್ನ ಪುಸ್ತಕದಲ್ಲಿ ಲೈಬ್‌ನಿಟ್ಸ್ ಪರ ಗಟ್ಟಿಯಾಗಿ ನಿಂತಳು. ನ್ಯೂಟನ್ನನ ಗ್ರಂಥವನ್ನು ಫ್ರೆಂಚಿಗೆ ತಂದವಳೂ ಇವಳೇ, ಅಂದರೆ ಎರಡೂ ಪಕ್ಷವನ್ನು ಅರೆದು ಕುಡಿದವಳು. ಕೊನೆಗೆ ಫ್ರೆಂಚ್ ಗಣಿತಜ್ಞ ದಲಾಂಬೇರ್ 1743ರಲ್ಲಿ ಇದು ಪದಗಳ ಜಗಳ ಅಂದ. ಅದು ಪೂರ್ತಿ ನಿಜವಲ್ಲ ಅಂತ ನನಗನ್ನಿಸುತ್ತದೆ. ಯಾಕೆಂದರೆ ಎರಡೂ ಪಕ್ಷಗಳು ಬೇರೆ ಬೇರೆ ಪ್ರಶ್ನೆಗೆ ಸರಿ ಉತ್ತರ ಹೇಳುತ್ತಿದ್ದವು.

ಆ ಪ್ರಶ್ನೆಗಳು ಇವು. ಓಡುವ ವಸ್ತುವಿಗೆ ಎದುರಿನಿಂದ ಒಂದೇ ಸಮನೆ ಬಲ ಹಾಕುತ್ತಿದ್ದೀರಿ. ಅದು ನಿಲ್ಲಲು ಎಷ್ಟು ಹೊತ್ತು ಬೇಕು? ಸಂವೇಗ ಹೇಳುತ್ತದೆ. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಶಕ್ತಿ ಹೇಳುತ್ತದೆ. ಬಲ ಇಂಟು ಸಮಯ ಅಂದರೆ ಸಂವೇಗದ ಬದಲಾವಣೆ, ಬಲ ಇಂಟು ದೂರ ಅಂದರೆ ಶಕ್ತಿಯ ಬದಲಾವಣೆ. ಈ ಎರಡು ವಾಕ್ಯ ತಲೆಯಲ್ಲಿ ಕೂತರೆ ಅಧ್ಯಾಯದ ಮುಕ್ಕಾಲು ಪಾಲು ಮುಗಿದ ಹಾಗೆ.

ಆ ವರ್ಗ ಎಲ್ಲಿಂದ ಬಂತು ಅನ್ನುವುದೂ ಇಲ್ಲೇ ಇದೆ. ಬೈಕ್ ಗಂಟೆಗೆ 40 ಕಿಲೋಮೀಟರ್‌ನಲ್ಲಿ ಹೋಗುತ್ತಿದೆ, ಬ್ರೇಕ್ ಹಿಡಿದಿರಿ. ಒಳ್ಳೆ ಟೈರು, ಒಣ ರಸ್ತೆ, ವೇಗ ಸೆಕೆಂಡಿಗೆ ಸುಮಾರು 7 ಮೀಟರ್‌ನಂತೆ ಇಳಿಯುತ್ತದೆ ಅನ್ನಿ. ನಿಲ್ಲಲು 1.6 ಸೆಕೆಂಡ್, ಸುಮಾರು 9 ಮೀಟರ್. ಈಗ 80ರಲ್ಲಿ ಹೋಗುತ್ತಿದ್ದರೆ? ಸಂವೇಗ ಎರಡರಷ್ಟು, ಹಾಗಾಗಿ ನಿಲ್ಲಲು ಎರಡರಷ್ಟು ಸಮಯ, 3.2 ಸೆಕೆಂಡ್. ಆದರೆ ಆ ಎರಡರಷ್ಟು ಸಮಯದಲ್ಲಿ ಬೈಕಿನ ಸರಾಸರಿ ವೇಗವೂ ಎರಡರಷ್ಟು. ಎರಡೆರಡಲ ನಾಲ್ಕು. ಹೋದ ದೂರ 35 ಮೀಟರ್. ಅಷ್ಟೇ ಗುಟ್ಟು. ಚಲನ ಶಕ್ತಿಯ ಸೂತ್ರದಲ್ಲಿರುವ ಆ ಅರ್ಧವೂ ಸರಾಸರಿಯಿಂದಲೇ ಬಂದದ್ದು. ಪೂರ್ತಿ ವೇಗದಿಂದ ಸೊನ್ನೆಗೆ ಒಂದೇ ಸಮನೆ ಇಳಿದರೆ ಸರಾಸರಿ ವೇಗ ಅರ್ಧ ತಾನೇ. ಸಂವೇಗವನ್ನು ಈ ಸರಾಸರಿ ವೇಗದಿಂದ ಗುಣಿಸಿದರೆ ಅರ್ಧ ಎಂ ವಿ ಸ್ಕ್ವೇರ್ ತಾನಾಗೇ ಬಂದು ನಿಲ್ಲುತ್ತದೆ. 1829ರಲ್ಲಿ ಫ್ರೆಂಚ್ ವಿಜ್ಞಾನಿ ಕೋರಿಯೋಲಿಸ್ ಆ ಅರ್ಧವನ್ನು ಸೇರಿಸುವವರೆಗೆ ಜನ ಅದಿಲ್ಲದೆ ಬರೀ ಎಂ ವಿ ಸ್ಕ್ವೇರ್ ಇಟ್ಟುಕೊಂಡೇ ಕಾಲ ಹಾಕುತ್ತಿದ್ದರು.

ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣಬೇಕಾದರೆ ಬಂದೂಕಿನ ಲೆಕ್ಕ ಮಾಡಿ. 10 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಡುತ್ತದೆ. 4 ಕೆಜಿ ಬಂದೂಕು ಹಿಂದಕ್ಕೆ ಒದೆಯುತ್ತದೆ. ಮದ್ದಿನ ಹೊಗೆಯನ್ನು ಲೆಕ್ಕಕ್ಕೆ ಬಿಟ್ಟರೆ ಎರಡರ ಸಂವೇಗವೂ 8, ದಿಕ್ಕು ಮಾತ್ರ ಎದುರುಬದುರು. ಬಂದೂಕಿನ ವೇಗ ಸೆಕೆಂಡಿಗೆ 2 ಮೀಟರ್. ಶಕ್ತಿ? ಗುಂಡಿನದು 3200 ಜೌಲ್, ಬಂದೂಕಿನದು 8 ಜೌಲ್. ನಾನೂರು ಪಟ್ಟು! ಸಂವೇಗ ಒಂದೇ ಇದ್ದರೂ ಒಂದು ಭುಜಕ್ಕೆ ಗುದ್ದು ಕೊಡುತ್ತದೆ, ಇನ್ನೊಂದು ಪ್ರಾಣ ತೆಗೆಯುತ್ತದೆ. ತೂತು ಕೊರೆಯುವುದು, ಹರಿಯುವುದು, ಜಜ್ಜುವುದು ಇವೆಲ್ಲ ಬಲ ಹಾಕುತ್ತಾ ದೂರ ಸಾಗುವ ಕೆಲಸಗಳು. ಅದಕ್ಕೇ ಅಲ್ಲಿ ಶಕ್ತಿಯ ಲೆಕ್ಕ ನಡೆಯುತ್ತದೆ.

ಶಕ್ತಿಗೆ ದಿಕ್ಕಿಲ್ಲ, ಹಾಗಾಗಿ ಒಂದನ್ನೊಂದು ಹೊಡೆದುಹಾಕಲ್ಲ. ಸೆಕೆಂಡಿಗೆ 2 ಮೀಟರ್‌ನಲ್ಲಿ ತೆವಳುತ್ತಿರುವ 10 ಟನ್ ಲಾರಿಗೆ ಎದುರಿನಿಂದ ಸೆಕೆಂಡಿಗೆ 20 ಮೀಟರ್‌ನಲ್ಲಿ 1 ಟನ್ ಕಾರು ಬಂದು ಗುದ್ದಿ ಸಿಕ್ಕಿಹಾಕಿಕೊಂಡರೆ ಸಂವೇಗಗಳು ಸರಿಸಮ, ಎರಡೂ ಅಲ್ಲೇ ನಿಲ್ಲುತ್ತವೆ. ಲಾರಿಯ 20 ಸಾವಿರ ಜೌಲ್, ಕಾರಿನ 2 ಲಕ್ಷ ಜೌಲ್ ಮಾತ್ರ ಮಾಯವಾಗಲ್ಲ. ತಗಡು ಮುದ್ದೆಯಾಗುತ್ತದೆ, ಗಾಜು ಸಿಡಿಯುತ್ತದೆ, ಲೋಹ ಬಿಸಿಯಾಗುತ್ತದೆ. ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದಲ್ಲ, ಆ ಶಕ್ತಿಯೆಲ್ಲ ನೀರಲ್ಲೇ ಬಿಸಿಯಾಗಿ ಉಳಿದರೆ ಕೆಳಗಿನ ನೀರು ಮೇಲಿನದಕ್ಕಿಂತ ಸುಮಾರು 0.6 ಡಿಗ್ರಿ ಬೆಚ್ಚಗಿರಬೇಕು. ನಿಜವಾಗಿ ತುಂತುರು ಆವಿಯಾಗಿ ತಣ್ಣಗಾಗುವುದರಿಂದ ಥರ್ಮಾಮೀಟರ್ ಹಿಡಿದು ಇಳಿದರೆ ನಿರಾಸೆ ಆಗಬಹುದು, ಮೆಟ್ಟಿಲು ಬೇರೆ ಜಾಸ್ತಿ.

ಈ ಲೆಕ್ಕದ ಮೇಲೆ ಭೌತವಿಜ್ಞಾನಿಗಳಿಗೆ ಎಷ್ಟು ನಂಬಿಕೆ ಅಂದರೆ, ಕೆಲವು ವಿಕಿರಣಶೀಲ ಪರಮಾಣುಗಳಿಂದ ಎಲೆಕ್ಟ್ರಾನ್ ಹೊರಬರುವಾಗ ಶಕ್ತಿ ಕಮ್ಮಿ ಬೀಳುತ್ತಿದೆ ಅಂತ ಕಂಡಾಗ, ಯಾರ ಕಣ್ಣಿಗೂ ಬೀಳದ ಇನ್ನೊಂದು ಕಣ ಅದನ್ನು ಹೊತ್ತೊಯ್ಯುತ್ತಿರಬೇಕು ಅಂತ 1930ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿಯೇಬಿಟ್ಟ. ಆ ನ್ಯೂಟ್ರಿನೋ 1956ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, ನೆಲದಿಂದ ಎರಡು ಕಿಲೋಮೀಟರ್‌ಗೂ ಕೆಳಗೆ.

ಬಲಕ್ಕೆ ಹೀಗೆ ಉಳಿಯುವ ಲೆಕ್ಕ ಯಾವುದೂ ಇಲ್ಲ. ಹಾರೆ ಮೀಟಿ ಬಂಡೆ ಎತ್ತುವಾಗ ನೀವು ಹಾಕಿದ ಬಲ ಹತ್ತು ಪಟ್ಟಾಗಬಹುದು, ಯಾರೂ ದಂಡ ಕೇಳಲ್ಲ. ಆದರೆ ನಿಮ್ಮ ಕೈ ಹತ್ತು ಇಂಚು ಇಳಿದರೆ ಬಂಡೆ ಒಂದೇ ಇಂಚು ಏಳುತ್ತದೆ. ಬಲ ಇಂಟು ದೂರ ಎರಡೂ ತುದಿಯಲ್ಲಿ ಅಷ್ಟಕ್ಕಷ್ಟೇ. ಬಲವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಶಕ್ತಿಯನ್ನು ಒಂದು ಜೌಲ್ ಕೂಡ ಹಿಗ್ಗಿಸಲು ಆಗಲ್ಲ.

ಈಗ ಗೋಡೆ. ನೀವು ಗೋಡೆಯನ್ನು 200 ನ್ಯೂಟನ್ ಬಲದಿಂದ ತಳ್ಳಿದರೆ ಪ್ರತಿ ಸೆಕೆಂಡ್ 200 ಮಾನ ಸಂವೇಗ ಗೋಡೆಗೆ ಹೋಗುತ್ತಿದೆ. ಅಷ್ಟನ್ನು ನಿಮಗೆ ಕೊಡುತ್ತಿರುವುದು ಪಾದದ ಕೆಳಗಿನ ನೆಲ. ಕಾಲುಚೀಲ ಹಾಕಿಕೊಂಡು ನುಣುಪಾದ ಟೈಲ್ಸ್ ಮೇಲೆ ನಿಂತು ತಳ್ಳಿ ನೋಡಿ, ನೆಲ ಕೊಡಲು ಒಪ್ಪದಿದ್ದರೆ ನೀವೇ ಹಿಂದಕ್ಕೆ ಜಾರುತ್ತೀರಿ. ಗೋಡೆ ಅದನ್ನು ತಳಪಾಯಕ್ಕೆ, ತಳಪಾಯ ನೆಲಕ್ಕೆ ಕೊಟ್ಟು ಸುತ್ತು ಮುಗಿಯುತ್ತದೆ. ಗೋಡೆ ಕದಲಿಲ್ಲ, ದೂರ ಸೊನ್ನೆ, ಹಾಗಾಗಿ ಗೋಡೆಗೆ ಒಂದು ಜೌಲೂ ಹೋಗಿಲ್ಲ. ಪುಸ್ತಕ ಹೇಳುವುದು ಇಷ್ಟನ್ನೇ, ಮತ್ತು ಅದು ಸರಿ.

ಸುಸ್ತು ಯಾಕೆ ಅಂದರೆ, ನಮ್ಮ ಸ್ನಾಯು ಬೀಗ ಹಾಕಿದ ಚಿಲಕದಂತೆ ಹಿಡಿದು ನಿಲ್ಲಲ್ಲ. ಅದರೊಳಗಿನ ಸಣ್ಣ ಸಣ್ಣ ಎಳೆಗಳು ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ, ಒಂದೊಂದು ಸಲಕ್ಕೂ ಊಟದಿಂದ ಬಂದ ಶಕ್ತಿ ಖರ್ಚಾಗಿ ಮೈಯಲ್ಲೇ ಬಿಸಿಯಾಗುತ್ತದೆ. ಅದೇ ಗೋಡೆಗೆ ಒಂದು ಮರದ ತೊಲೆ ಆಸರೆ ಕೊಟ್ಟಿದ್ದರೆ ಅದು ಅಷ್ಟೇ ಬಲ ಹಾಕಿಕೊಂಡು ವರ್ಷಗಟ್ಟಲೆ ನಿಂತಿರುತ್ತದೆ, ಊಟ ಕೇಳಲ್ಲ. ಮಗಳಿಗೆ ಐದು ನಿಮಿಷ ಗೋಡೆ ತಳ್ಳಲು ಹೇಳಿ, ಫ್ಯಾನ್ ಆಫ್ ಮಾಡಿ. ಖರ್ಚಾದ ಶಕ್ತಿ ಎಲ್ಲಿ ಹೋಯಿತು ಅಂತ ಅವಳ ಹಣೆ ಮೇಲಿನ ಬೆವರು ನೋಡಿದರೆ ಗೊತ್ತಾಗುತ್ತದೆ.